‘ಸೇಫ್‌ಗಾರ್ಡಿಂಗ್’ಗೆ ‘ರಕ್ಷಣೆ’ ಸಾಕಾ? ‘ದೂರು’ ಬೇಕಾ?

ಗೆಳೆಯರೇ,

ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಸಂಘದಲ್ಲಿ ಬೇಸಿಗೆ ರಜೆಗೆ ಮಕ್ಕಳ ಶಿಬಿರ ಇರುತ್ತದೆ. ವಾರಕ್ಕೊಮ್ಮೆ ಯಕ್ಷಗಾನ ತರಗತಿ, ಶನಿವಾರ ಸಂಜೆ ಭಜನೆ. ಭಜನೆಗೆ ಬರುವವರು ಹೆಚ್ಚಿನವರು ವಯಸ್ಸಾದವರು. ಎಲ್ಲರಿಗೂ ಆಗುವ ಹಾಗೆ ಒಂದು ಹಾಳೆ ನಿಯಮ ಬರೆದು ಗೋಡೆಗೆ ಅಂಟಿಸಬೇಕು ಎಂದು ತೀರ್ಮಾನವಾಗಿ, ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮಾದರಿಗೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಕೈಪಿಡಿ. ಅದರ ತಲೆಬರಹದಲ್ಲೇ ‘ಸೇಫ್‌ಗಾರ್ಡಿಂಗ್’ ಇದೆ. ಮಕ್ಕಳಿಗೆ, ಇತರರ ನೆರವು ಬೇಕಾಗುವ ದೊಡ್ಡವರಿಗೆ ಯಾರಿಂದಲೂ ಕೇಡಾಗದ ಹಾಗೆ ಮುಂಚೆಯೇ ನೋಡಿಕೊಳ್ಳುವುದು ಎಂದು ಅದರ ಅರ್ಥ. ಅದಕ್ಕೆ ಕನ್ನಡ ಪದ ಸಿಗದೆ ಅಲ್ಲಿಂದ ಮುಂದೆ ಹೋಗಲು ಆಗುತ್ತಿಲ್ಲ.

ಸರ್ಕಾರದ ಕನ್ನಡದಲ್ಲಿ ಇದಕ್ಕೆಲ್ಲ ‘ರಕ್ಷಣೆ’ ಒಂದೇ. 2012ರ ಪೋಕ್ಸೊ ಎಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ. 2015ರ ಬಾಲನ್ಯಾಯ ಕಾಯ್ದೆಯಲ್ಲೂ ‘ಪಾಲನೆ ಮತ್ತು ರಕ್ಷಣೆ’. ಪದ ತಪ್ಪಲ್ಲ. ಆದರೆ ನಮ್ಮ ಕಡೆ ಪೇಪರಿನಲ್ಲಿ ರಕ್ಷಣೆ ಕಾಣುವುದು ‘ಬಾವಿಗೆ ಬಿದ್ದ ಹಸುವಿನ ರಕ್ಷಣೆ’, ‘ಕಾಳಿಂಗ ಸರ್ಪದ ರಕ್ಷಣೆ’ ಎಂಬ ಸುದ್ದಿಗಳಲ್ಲಿ. ಅಂದರೆ ಆಗಬಾರದ್ದು ಆದಮೇಲಿನ ಮಾತು. ಕೈಪಿಡಿ ಹೇಳುವುದು ಅದಕ್ಕೂ ಮುಂಚಿನ ಕೆಲಸ. ಕಲಿಸುವವರು ಒಬ್ಬರೇ ಒಂದು ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಇರಬಾರದು. ವೇಷ ಕಟ್ಟುವ ಜಾಗದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ರಾತ್ರಿ ಆಟ ಮುಗಿದಮೇಲೆ ಯಾವ ಮಗು ಯಾರ ಜೀಪಿನಲ್ಲಿ ಹೋಯಿತು ಎಂದು ಬರೆದಿಡಬೇಕು. ನಮ್ಮಲ್ಲಿ ಮನೆಗಳು ತೋಟದ ನಡುವೆ, ಒಂದರಿಂದ ಒಂದು ದೂರ. ಮಳೆಗಾಲದಲ್ಲಿ ಸಂಜೆ ಮೋಡ ಕವಿದರೆ ಮಗುವನ್ನು ಯಾರ ಜೊತೆಗಾದರೂ ಕಳಿಸಲೇಬೇಕು. ಆ ‘ಯಾರಾದರೂ’ ಯಾರು ಎಂಬುದೇ ಇಲ್ಲಿನ ಪ್ರಶ್ನೆ.

‘ಸುರಕ್ಷತೆ’ ಎಂದು ಬರೆದು ತೋರಿಸಿದೆ. ಒಬ್ಬರು ತಕ್ಷಣ ಸಿಸಿಟಿವಿ ರೇಟು ಹೇಳಿದರು, ಇನ್ನೊಬ್ಬರು ಗ್ಯಾಸ್ ಸಿಲಿಂಡರ್ ಹೊರಗಿಡೋಣ ಎಂದರು. ‘ಕಾವಲು’ ಪಂಚಾಯಿತಿ ಮಟ್ಟದ ಸಮಿತಿಗಳ ಹೆಸರಿನಲ್ಲಿ ಆಗಲೇ ಬಳಕೆಯಲ್ಲಿದೆ. ಆದರೂ ಅದರ ಕೈಯಲ್ಲಿ ದೊಣ್ಣೆ, ಬ್ಯಾಟರಿ ಕಾಣುತ್ತದೆ, ಅಲ್ವಾ? ‘ನಿಗಾ’ ಅಂದರೆ ಒಂದೋ ಆಸ್ಪತ್ರೆಯ ತೀವ್ರ ನಿಗಾ ಘಟಕ, ಇಲ್ಲವೇ ಪೊಲೀಸರು ನಿಗಾ ಇಟ್ಟಿದ್ದಾರೆ ಎಂಬ ಸುದ್ದಿ. ‘ಕಾಪು’ ನನಗೆ ಇಷ್ಟ. ಕಾಯು, ಕಾಪಾಡು ಇವುಗಳ ಬಳಗದ್ದು, ಅಚ್ಚ ಕನ್ನಡದ್ದು. ಆದರೆ ಹಾಳೆಯ ಮೇಲೆ ‘ನಮ್ಮ ಸಂಘದ ಕಾಪು’ ಎಂದು ಬರೆದರೆ ಜನ ಉಡುಪಿ ಕಡೆಯ ಊರು ಅಂದುಕೊಳ್ಳುತ್ತಾರೆ. (ಅಂದಹಾಗೆ, ‘ಕಾಯ್ದೆ’ಯೂ ಈ ಬಳಗದ್ದೇ ಎಂದು ಸಭೆಯಲ್ಲಿ ಒಬ್ಬರು ವಾದ ಮಾಡಿದರು. ಅದು ಅರಬ್ಬಿ ಮೂಲದ್ದು, ಕಾಯುವುದಕ್ಕೂ ಅದಕ್ಕೂ ನಂಟಿಲ್ಲ.) ಸದ್ಯಕ್ಕೆ ‘ಜೋಪಾನ’ ಎಂದು ಬರೆದಿಟ್ಟಿದ್ದೇನೆ. ದುಡ್ಡು ಜೋಪಾನ, ಕೂಸು ಜೋಪಾನ, ಎರಡಕ್ಕೂ ಸಲ್ಲುವ ಮಾತು. ಮುಂಚೆಯೇ ಎಚ್ಚರ ವಹಿಸುವ ಅರ್ಥವೂ ಅದರಲ್ಲಿದೆ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ದೂರು’. ಕೈಪಿಡಿಯಲ್ಲಿ, ಏನಾದರೂ ಸರಿ ಕಾಣದಿದ್ದರೆ ಹೇಳಿ ಎಂಬ ಒಂದು ಭಾಗ ಇದೆ. ನಾನು ‘ದೂರು ಕೊಡಿ’ ಎಂದು ಬರೆದೆ. ಓದಿದವರೆಲ್ಲ ಕೇಳಿದ್ದು ಒಂದೇ: “ಸಾಕ್ಷಿ ಇಲ್ಲದೆ ದೂರು ಕೊಡೋದು ಹೇಗೆ?” ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ದೂರುವುದು ಅಂದರೆ ಒಬ್ಬರ ಮೇಲೆ ತಪ್ಪು ಹೊರಿಸುವುದು. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಕೇಳುವುದು ಅಷ್ಟನ್ನಲ್ಲ. ಅಪರಾಧ ನಡೆದಿದೆ ಎಂದು ಗೊತ್ತಾದರೂ, ನಡೆಯಬಹುದು ಎಂಬ ಆತಂಕ ಇದ್ದರೂ, ಯಾರೇ ಆಗಲಿ ಪೊಲೀಸರಿಗೆ ಮಾಹಿತಿ ಕೊಡಬೇಕು. ಸಾಬೀತು ಮಾಡುವ ಹೊರೆ ತಿಳಿಸುವವರ ಮೇಲಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸೂ ಬೀಳುವುದಿಲ್ಲ. ಗೊತ್ತಿದ್ದೂ ತಿಳಿಸದಿದ್ದರೆ ಮಾತ್ರ ಆರು ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ.

ಹಾಗಾದರೆ ಬೇರೆ ಏನು ಬರೆಯಲಿ? ‘ಸುಳಿವು’ ಕಳ್ಳನದ್ದು. ‘ವರದಿ’ ಕಚೇರಿಯದ್ದು. ಮಕ್ಕಳ ಲೋಕದಲ್ಲಂತೂ ಹೇಳಿದವನು ಚಾಡಿಕೋರ. ನಮ್ಮ ಕಡೆಯ ಸಹಜ ಮಾತು ‘ಕಿವಿಗೆ ಹಾಕಿ’. “ಯಜಮಾನರ ಕಿವಿಗೊಂದು ಮಾತು ಹಾಕಿ” ಎಂದರೆ ಎಂಥ ಸಂಕೋಚದವರೂ ಬಾಯಿ ಬಿಡುತ್ತಾರೆ. ತೊಂದರೆ ಏನೆಂದರೆ, ಹಾಗೆ ಹಾಕಿದ ಮಾತು ಆ ಕಿವಿಯಲ್ಲೇ ಉಳಿದುಬಿಡುತ್ತದೆ. ಮರ್ಯಾದೆ ಪ್ರಶ್ನೆ, ಒಳಗೊಳಗೆ ಮುಗಿಸೋಣ ಎಂದು ಪಂಚಾಯ್ತಿ ಕೂರುತ್ತದೆ. ಮಕ್ಕಳ ವಿಷಯದಲ್ಲಿ ಇಂಥ ರಾಜಿ ಮಾಡಿಸುವ ಹಕ್ಕು ಯಾವ ಯಜಮಾನರಿಗೂ ಇಲ್ಲ. ಹಾಗಾಗಿ ಸುಮ್ನೆ ‘ತಿಳಿಸಿ’ ಎಂದು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಹಾಕಿದ್ದೇನೆ. ‘ತಿಳಿಸಿ’ ತೀರಾ ಸಪ್ಪೆ ಅನ್ನಿಸುತ್ತದಾ?

ಕೊನೆಯ ತೊಡಕು ದೊಡ್ಡವರದ್ದು. ವಯಸ್ಸು, ಕಾಯಿಲೆ, ವೈಕಲ್ಯ ಇಂಥದ್ದರಿಂದ ತಮ್ಮನ್ನು ತಾವು ಕಾಪಾಡಿಕೊಳ್ಳಲು ಕಷ್ಟವಾಗುವ ದೊಡ್ಡವರಿಗೆ ಕೈಪಿಡಿ ಹೇಳುವುದು ‘ವಲ್ನರಬಲ್ ಅಡಲ್ಟ್’. ಅದನ್ನು ‘ದುರ್ಬಲ ವಯಸ್ಕರು’ ಎಂದು ಬರೆದರೆ, ಎಂಬತ್ತರಲ್ಲೂ ತೋಟಕ್ಕೆ ಹೋಗಿಬರುವ ನಮ್ಮ ಅಜ್ಜಂದಿರು ಹಾಳೆ ಹರಿದುಹಾಕುತ್ತಾರೆ. ಇಂಗ್ಲೆಂಡಿನಲ್ಲೇ 2014ರ ಕೇರ್ ಆ್ಯಕ್ಟ್ ಬಂದಮೇಲೆ ಆ ಮಾತು ಹಿಂದೆ ಸರಿದು, ‘ಅಪಾಯದಲ್ಲಿರುವ ವಯಸ್ಕರು’ ಎಂಬ ಅರ್ಥದ ಮಾತು ಬಂದಿದೆ. ನಮ್ಮಲ್ಲಿ ಎಲ್ಲರಿಗೂ ಸೇರಿ ಒಂದು ಹೆಸರಿಲ್ಲ. 60 ದಾಟಿದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಮಂಗನ ಕಾಯಿಲೆಯಿಂದ ಎದ್ದು ವಾರಗಟ್ಟಲೆ ನಿತ್ರಾಣವಾಗಿರುವ ನಲವತ್ತರ ಹೆಂಗಸು ಇದರಲ್ಲಿ ಯಾವುದಕ್ಕೆ ಸೇರುತ್ತಾಳೆ? ‘ಕೈಲಾಗದವರು’ ಚುಚ್ಚುತ್ತದೆ. ‘ಯಾರೂ ಇಲ್ಲದವರು’ ಸರಿಹೋಗುವುದಿಲ್ಲ, ಯಾಕೆಂದರೆ ಎಷ್ಟೋ ಸಲ ಕಾಟ ಕೊಡುವವರು ಮನೆಯವರೇ. ‘ಆಸರೆ ಬೇಕಾದವರು’ ಎಂಬ ಕಡೆಗೆ ವಾಲಿದ್ದೇನೆ. ಇವತ್ತು ಬೇಕಾಗಿ, ನಾಳೆ ಬೇಡವಾಗಲೂಬಹುದು ಎಂಬ ಸಡಿಲು ಅದರಲ್ಲಿದೆ.

ಸಾಗರ, ಹೊಸನಗರ, ಕೊಪ್ಪದ ಕಡೆಯವರು ಮನೆಮಾತಿನಲ್ಲಿ ಬೇರೆ ಏನಾದರೂ ಹೇಳುತ್ತೀರಾ? ಅಂಗನವಾಡಿ, ಸ್ತ್ರೀಶಕ್ತಿ ಸಂಘಗಳಲ್ಲಿ ಕೆಲಸ ಮಾಡುವವರು ‘ದೂರು’ ಬದಲು ಯಾವ ಪದ ಬಳಸುತ್ತೀರಿ ಎಂದು ತಿಳಿದರಂತೂ ತುಂಬಾ ಅನುಕೂಲ.