ಸಹಾಯ ಬೇಕು: ಹಾಸನದಲ್ಲಿ ಟೇಪಿಂಗ್ ಕೈಹಿಡಿದು ಕಲಿಸುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ. ಪಂದ್ಯಗಳಿಗೆ ಕಾಲೇಜಿನ ಕಬಡ್ಡಿ ತಂಡದ ಜೊತೆ ಹೋಗುತ್ತೇನೆ. ಟೇಪಿಂಗ್, ಅಂದರೆ ಕೀಲಿಗೆ ಆಸರೆಯಾಗಿ ಅಂಟುಪಟ್ಟಿ ಸುತ್ತುವುದು, ಓದಿದ್ದು ನೆನಪಿದೆ, ಕೈ ಪಳಗಿಲ್ಲ. ಪಾದ ಒಳಕ್ಕೆ ಹೊರಳಿ ಕಣಕಾಲು ಉಳುಕುವುದೇ ಜಾಸ್ತಿ. ಟೇಪ್ ಬಿಗಿಯಾದರೆ ಬೆರಳು ಜುಮ್ಮೆನ್ನುತ್ತದೆ, ಸಡಿಲವಾದರೆ ಹಾಕಿಯೂ ದಂಡ. ಆ ಹದ ಸುಮ್ನೆ ವೀಡಿಯೊ ನೋಡಿದರೆ ಬರಲ್ಲ ಅಲ್ವಾ?

ಇನ್ನೊಂದು, ತಲೆಗೆ ಪೆಟ್ಟು. ಕನ್ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಅನುಮಾನ ಬಂದರೆ ಅದೇ ದಿನ ಮತ್ತೆ ಆಡಿಸಬಾರದು, ಸರಿ. ಆದರೆ 'ಏನೂ ಆಗಿಲ್ಲ ಬಿಡಿ' ಅನ್ನುವ ಆಟಗಾರನನ್ನು ಅಂಕಣದ ಪಕ್ಕದಲ್ಲೇ ಪರೀಕ್ಷಿಸುವುದನ್ನು ಅನುಭವಸ್ಥರೇ ತೋರಿಸಬೇಕು.

ಹಾಸನ, ಚಿಕ್ಕಮಗಳೂರು ಕಡೆ ತಂಡಗಳ ಜೊತೆ ಕೆಲಸ ಮಾಡುವ ಫಿಸಿಯೋ ಯಾರಾದರೂ ಗೊತ್ತಿದ್ದರೆ ತಿಳಿಸಿ. ಭಾನುವಾರ ಬಿಡುವಿದೆ. ಟೇಪ್ ನಾನೇ ತರುತ್ತೇನೆ. ಸರ್ಟಿಫಿಕೇಟ್ ಬೇಡ.