ಗೌರಿಯ ಭೇದಿ ಮತ್ತು ನಾಲ್ಕನೇ ಕ್ರಾಸಿನ ಮೋರಿ

ಮನೆ 27:
ಎಲ್ಲರಿಗೂ ನಮಸ್ಕಾರ. ಖಾಲಿ ಸೈಟಿನ ಪಕ್ಕದ ಕೊಟ್ಟಿಗೆ ವಿಷಯ. ಯಲಹಂಕದ ಈ ಕಡೆ ಬಡಾವಣೆ ಆಗುವ ಮೊದಲಿನಿಂದಲೂ ಆ ಹಸುಗಳು ಅಲ್ಲಿವೆ. ನಮ್ಮಲ್ಲಿ ಅರ್ಧ ಮನೆಗಳಿಗೆ ಹಾಲು ಬರುವುದೂ ಅಲ್ಲಿಂದಲೇ. ಹಾಗಾಗಿ ಜಗಳಕ್ಕೆ ಬರೆಯುತ್ತಿಲ್ಲ. ಆದರೆ ಅಲ್ಲಿನ ಗೌರಿ ಹಸುವಿಗೆ ಎರಡು ತಿಂಗಳಿಂದ ಭೇದಿ ನಿಂತಿಲ್ಲ. ಇವತ್ತು ವಾಕಿಂಗ್ ಹೋಗುವಾಗ ನೋಡಿದೆ. ಬಾನಿಗೆ ಮೂತಿ ಹಾಕಿ ಬೂಸಾ ಚೆನ್ನಾಗಿಯೇ ತಿನ್ನುತ್ತಿತ್ತು. ತಿನ್ನುತ್ತಿದ್ದ ಹಾಗೇ ಹಿಂದಿನಿಂದ ನಲ್ಲಿ ಬಿಟ್ಟಂತೆ ನೀರು. ಪಕ್ಕೆಲುಬು ಎಣಿಸಬಹುದು. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು. ಕೊಟ್ಟಿಗೆ ತೊಳೆದ ನೀರೆಲ್ಲ ಮೋರಿಗೆ. ಮೋರಿ ನಮ್ಮ ಗೇಟಿನ ಮುಂದೆ.

ಮನೆ 31:
ನಾನು ವರ್ಷದಿಂದ ಹೇಳುತ್ತಿದ್ದೇನೆ. ಎಲ್ಲರೂ ಸಹಿ ಹಾಕಿ ಕಂಪ್ಲೇಂಟ್ ಕೊಡೋಣ, ಕೊಟ್ಟಿಗೆ ಎತ್ತಿಸೋಣ.

ಮನೆ 8:
ನಿಮ್ಮ ಗೃಹಪ್ರವೇಶಕ್ಕೆ ಹಸು ಎಲ್ಲಿಂದ ಬಂದಿತ್ತಪ್ಪಾ?

ಮನೆ 31:
ಸರಿ ಆಂಟಿ. ಗೃಹಪ್ರವೇಶ ಒಂದು ದಿನ, ವಾಸನೆ ದಿನಾ.

ಮನೆ 19:
ನನ್ನದೊಂದು ಐಡಿಯಾ. ಹಸುಗಳಿಗೇ ಅಂತ ಪ್ರೋಬಯಾಟಿಕ್ ಪುಡಿ, ಅಂದ್ರೆ ಒಳ್ಳೆ ಬ್ಯಾಕ್ಟೀರಿಯಾ ಇರೋ ಪುಡಿ, ಸಿಗುತ್ತೆ, ಬಕೆಟ್ ಲೆಕ್ಕದಲ್ಲಿ. ಮನೆಗೆ ಇನ್ನೂರು ಹಾಕಿದರೆ ತರಿಸಬಹುದು. ಇಲ್ಲಾಂದ್ರೆ ಲಸಿಕೆ ಹಾಕಿಸಿಬಿಡೋಣ, ಒಂದೇ ಸಲ ಮುಗಿದುಹೋಗುತ್ತೆ. ಡಾಕ್ಟ್ರೇ, ನೀವೇನಂತೀರಿ?

ಮನೆ 3 (ಡಾಕ್ಟ್ರು):
ಸಂಜೆ ಹೋಗಿ ನೋಡಿಕೊಂಡು ಬಂದೆ. ರಿಟೈರ್ ಆದ ಮೇಲೆ ಥರ್ಮಾಮೀಟರ್ ಹಿಡಿದದ್ದು ಇವತ್ತೇ. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಆದರೂ ಮೈ ಇಳಿಯುತ್ತಿದೆ. ಜಂತು ಅಥವಾ ಲಿವರ್ ಫ್ಲೂಕ್ (ಪಿತ್ತಜನಕಾಂಗದ ಚಪ್ಪಟೆ ಹುಳು) ಇದ್ದರೂ ಗದ್ದ ಹೀಗೆ ಬಾತುಕೊಳ್ಳುತ್ತದೆ. ಅದಾದರೆ ಔಷಧಿಗೆ ಬಗ್ಗುತ್ತದೆ. ನನ್ನ ಅನುಮಾನ ಜೋನೀಸ್ ಕಾಯಿಲೆ ಮೇಲೆ. ನಾವು ಜೆ.ಡಿ. ಅನ್ನುತ್ತಿದ್ದೆವು. 1895ರಲ್ಲಿ ಜರ್ಮನಿಯಲ್ಲಿ ಜೋನೆ ಮತ್ತು ಫ್ರಾಥಿಂಗ್‌ಹ್ಯಾಮ್ ಇದನ್ನು ಮೊದಲು ವಿವರಿಸಿದ್ದು. ರೋಗಾಣು ಕ್ಷಯದ್ದರ ದಾಯಾದಿ. ಕರುಳಿನ ಒಳಗೋಡೆ ದಪ್ಪಗಾಗಿ ಮಡಿಕೆ ಬೀಳುತ್ತದೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ.

ಇದು ಗೌರಿಗೆ ಎರಡು ತಿಂಗಳ ಹಿಂದೆ ಬಂದದ್ದಲ್ಲ. ಸಾಮಾನ್ಯವಾಗಿ ಅಂಟುವುದು ಕರುವಾಗಿದ್ದಾಗಲೇ. ಸಗಣಿ ಮೆತ್ತಿದ ಕೆಚ್ಚಲು ಚೀಪುವಾಗ, ರೋಗ ಇರುವ ತಾಯಿಯ ಗಿಣ್ಣು ಹಾಲು ಕುಡಿಯುವಾಗ, ಕೆಲವು ಸಲ ಹೊಟ್ಟೆಯಲ್ಲಿದ್ದಾಗಲೇ. ಆಮೇಲೆ ಎರಡರಿಂದ ಐದು ವರ್ಷ ಏನೂ ಕಾಣುವುದಿಲ್ಲ. ಭೇದಿ ಶುರುವಾಗುವ ಮೊದಲೇ ಸಗಣಿಯಲ್ಲಿ ರೋಗಾಣು ಹೊರಗೆ ಬೀಳುತ್ತಿರುತ್ತದೆ. ಒಂದು ಹಸು ಹೀಗೆ ಕಂಡರೆ ಅದೇ ಕೊಟ್ಟಿಗೆಯಲ್ಲಿ ಹೊರಗೆ ಕಾಣದವು ಇನ್ನೂ ಇರುತ್ತವೆ ಅಂತಲೇ ಲೆಕ್ಕ.

ಭೇದಿ ಹಿಡಿದ ಮೇಲೆ ಇದಕ್ಕೆ ಮದ್ದಿಲ್ಲ. ಅದಕ್ಕೇ ಬಕೆಟ್ ತರಿಸಬೇಡಿ ಅಂದದ್ದು.

ಮನೆ 19:
ನೀವು ಇನ್ನೂ ಹಾಗೆ ಅಂದಿರಲಿಲ್ಲ ಸರ್!

ಮನೆ 3 (ಡಾಕ್ಟ್ರು):
ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಪುಡಿ ಕೆಟ್ಟದ್ದಲ್ಲ. ಕರು ಕುಡಿದ ಹಾಲು ದೊಡ್ಡ ಹೊಟ್ಟೆಗೆ ಹೋಗದೆ ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಹಾಗಾಗಿ ಹಾಲಿನಲ್ಲಿ ಕೊಟ್ಟ ಒಳ್ಳೆ ಬ್ಯಾಕ್ಟೀರಿಯಾ ಕರುಳು ತಲುಪುತ್ತದೆ, ಎಳೆಗರುವಿನ ಮಾಮೂಲಿ ಭೇದಿಗೆ ಸಹಾಯವೂ ಆಗಬಹುದು. ಜೆ.ಡಿ.ಗೇ ಅಂತ ಅಮೆರಿಕದಲ್ಲಿ ಡೈಯೆಟ್ಜಿಯಾ ಎಂಬ ಬ್ಯಾಕ್ಟೀರಿಯಾ ತಿನ್ನಿಸಿ ನೋಡಿದ್ದಾರೆ. ಕೆಲವು ಹಸು ಜಾಸ್ತಿ ದಿನ ಬದುಕಿದವು. ಆದರೆ ಅಂಗಡಿಯ ಬಕೆಟ್‌ನಲ್ಲಿರುವುದು ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್ ಇಂಥವು. ಎರಡಕ್ಕೂ ಸಂಬಂಧ ಇಲ್ಲ.

ಲಸಿಕೆಯೂ ಉಂಟು. ಮಥುರಾ ಹತ್ತಿರದ ಮಖ್ದೂಮ್‌ನಲ್ಲಿ ಕೇಂದ್ರ ಮೇಕೆ ಸಂಶೋಧನಾ ಸಂಸ್ಥೆ ಇದೆ. ಅವರು ನಮ್ಮ ದೇಶದ ತಳಿಯ ರೋಗಾಣುವಿನಿಂದಲೇ ಮಾಡಿದ್ದಾರೆ. ಲಸಿಕೆ ಹಾಕಿದರೆ ಸಗಣಿಯಲ್ಲಿ ಬೀಳುವ ರೋಗಾಣು ಕಡಿಮೆ, ಭೇದಿಗೆ ತಿರುಗುವ ಹಸು ಕಡಿಮೆ. ಆದರೆ ಅಂಟುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಹಾಕಿದ ಹಸು ಕ್ಷಯದ ಚರ್ಮದ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು. ಕಾಲುಬಾಯಿ ಜ್ವರಕ್ಕೆ, ಗರ್ಭ ಬೀಳಿಸುವ ಬ್ರೂಸೆಲ್ಲಾ ಕಾಯಿಲೆಗೆ 2019ರಿಂದ ದೇಶದಾದ್ಯಂತ ಲಸಿಕೆ ಕಾರ್ಯಕ್ರಮ ಇದೆ. ಜೆ.ಡಿ. ಅದರಲ್ಲಿಲ್ಲ. ಮೊದಲು ಸಗಣಿ ಪರೀಕ್ಷೆ ಆಗಲಿ. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ನಾನೇ ಒಯ್ಯುತ್ತೇನೆ.

ಕೊಟ್ಟಿಗೆ ಮನೆ:
ನಮಸ್ತೆ ಸರ್. ಅಪ್ಪ ಗುಂಪಿನಲ್ಲಿ ಇಲ್ಲ, ನಾನು ಓದಿ ಹೇಳುತ್ತಿದ್ದೇನೆ. ಹಿಂದಿನ ವರ್ಷ ಗೌರಿಯ ತಾಯಿಗೂ ಹೀಗೇ ಆಗಿತ್ತು. ಸಂತೆಯಲ್ಲಿ ಮಾರಿದೆವು. ಗೌರಿಯ ಕರುವನ್ನು ಈಗ ಗೌರಿ ಪಕ್ಕದಲ್ಲೇ ಕಟ್ಟಿದ್ದೇವೆ. ಒಂದೂವರೆ ತಿಂಗಳದ್ದು.

ಮನೆ 3 (ಡಾಕ್ಟ್ರು):
ಮಗಾ, ಕರುವನ್ನು ಇವತ್ತೇ ಬೇರೆ ಕಟ್ಟು. ಬೇರೆ ಬಕೆಟ್, ಬೇರೆ ಪೊರಕೆ. ಗೌರಿ ಹಾಲು ಅದಕ್ಕೆ ಬೇಡ. ದೊಡ್ಡ ಹಸುಗಳ ಸಗಣಿ, ಗಂಜಲ ಅದು ನಿಲ್ಲುವ ಕಡೆ ಹರಿಯಬಾರದು. ಅವು ಬಿಟ್ಟ ಮೇವನ್ನೂ ಹಾಕಬೇಡ. ಗೌರಿಯನ್ನು ಮಾತ್ರ ಮಾರಬೇಡಿ, ಇನ್ನೊಬ್ಬರ ಕೊಟ್ಟಿಗೆಗೆ ಕಾಯಿಲೆ ಕಳಿಸಿದ ಹಾಗಾಗುತ್ತದೆ. ನಿನಗೆ ಬೈಯುತ್ತಿಲ್ಲ. ಆಗ ನಿಮಗೆ ಯಾರೂ ಹೇಳಿರಲಿಲ್ಲ.

ಮನೆ 12:
ಸರ್, ಮಕ್ಕಳು ಇದೇ ಹಾಲು ಕುಡಿಯುತ್ತಾರೆ. ಭಯ ಆಗುತ್ತಿದೆ.

ಮನೆ 3 (ಡಾಕ್ಟ್ರು):
ಉಕ್ಕಿ ಬರುವ ತನಕ ಕಾಯಿಸಿ, ಉಕ್ಕಿದ ಮೇಲೂ ಎರಡು ನಿಮಿಷ ಸಣ್ಣ ಉರಿಯಲ್ಲಿ ಇಡಿ. ಅಷ್ಟು ಸಾಕು. ಮನುಷ್ಯರ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೆ ಇದೇ ಕಾರಣ ಇರಬಹುದೇ ಅಂತ ಬಹಳ ವರ್ಷಗಳಿಂದ ವಾದ ನಡೆದಿದೆ, ಸಾಬೀತಾಗಿಲ್ಲ. ಹಸಿ ಹಾಲು ಬೇಡ. ಜಿಮ್ಮಿಗೆ ಹೋಗುವ ಹುಡುಗರಿಗೂ ಈ ಮಾತು.

ಮನೆ 8:
ಪಂಚಾಮೃತಕ್ಕೂ ಕಾಯಿಸಿದ ಹಾಲೇ ಹಾಕಬೇಕಾ?

ಮನೆ 3 (ಡಾಕ್ಟ್ರು):
ಅಭಿಷೇಕಕ್ಕೆ ನಿಮ್ಮಿಷ್ಟ ತಾಯಿ. ತೀರ್ಥ ಅಂತ ಕುಡಿಯುವುದಾದರೆ ಕಾಯಿಸಿ ಆರಿಸಿದ್ದು.

(ಮುಂದಿನ ಗುರುವಾರ)

ಮನೆ 3 (ಡಾಕ್ಟ್ರು):
ಜಂತಿನ ಮೊಟ್ಟೆ ಇಲ್ಲ, ಫ್ಲೂಕ್ ಇಲ್ಲ. ಜೆ.ಡಿ.ಯೇ. ಬಣ್ಣ ಹಾಕಿ ನೋಡಿದ ಸಗಣಿಯ ಸ್ಲೈಡಿನಲ್ಲಿ ರೋಗಾಣುಗಳು, ಗುಂಪು ಗುಂಪಾಗಿ ಕೆಂಪು ಕಡ್ಡಿಗಳ ಹಾಗೆ. ಉಳಿದ ಮೂರು ಹಸುಗಳದ್ದು ನೆಗೆಟಿವ್. ಆದರೆ ರೋಗಾಣು ದಿನಾ ಬೀಳುವುದಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಗೌರಿಯನ್ನು ಸೈಟಿನ ಆ ತುದಿಗೆ ಕಟ್ಟಿಸಿದ್ದೇನೆ. ಹಾಲು ಹಿಂಡುತ್ತಿಲ್ಲ.

ಮನೆ 31:
ಮೋರಿ ಕಥೆ?

ಮನೆ 27:
ಅದಕ್ಕೇ ಬರುತ್ತಿದ್ದೆ. ಈ ರೋಗಾಣು ನೆರಳಿನ ಮಣ್ಣಿನಲ್ಲಿ ವರ್ಷದ ತನಕ ಇರಬಲ್ಲದಂತೆ. ಫಿನಾಯಿಲ್ ಸುರಿದು ಸುಮ್ನೆ ಕೂರುವ ಹಾಗಿಲ್ಲ. ಸಗಣಿ ಮೋರಿಗೆ ತಳ್ಳದೆ ಬಾಚಿ ಗುಂಡಿಗೆ ಹಾಕಬೇಕು. ಕರುವಿಗೆ ಎತ್ತರದ ಸಿಮೆಂಟ್ ನೆಲ, ಮೇಲೆ ಶೀಟು. ಗುಂಡಿ ತೋಡುವುದು ಅವರು, ಸಿಮೆಂಟು ನಾವು. ಬಕೆಟ್‌ಗೆ ಅಂದುಕೊಂಡಿದ್ದ ಇನ್ನೂರೇ ಹಾಕಿ, ಜಾಸ್ತಿ ಬೇಡ.

ಮನೆ 19:
ನನ್ನದು ಹಾಕಿದೆ. ಬಕೆಟ್ ಮರೆತುಬಿಡಿ.

ಮನೆ 31:
ನಮ್ಮ ಟೆರೇಸ್ ಮೇಲೆ ಹಳೇ ಶೀಟು ನಾಲ್ಕಿವೆ. ತೂತಿಲ್ಲ. ಭಾನುವಾರ ಬೆಳಿಗ್ಗೆ ಇಳಿಸಲು ಇಬ್ಬರು ಬನ್ನಿ.

ಕೊಟ್ಟಿಗೆ ಮನೆ:
ನಾನು ಬರ್ತೀನಿ ಅಣ್ಣ. ಹಾಲು ಹಾಕಿ ಏಳೂವರೆಗೆ.