ಪುಟ್ಟಿಯ ಕಥೆ, ಕಾಕಾನ ಫಾರ್ವರ್ಡ್

ಭಾನುವಾರ ನಮ್ಮ ‘ಮನಿ ಮಂದಿ’ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಪುಟ್ಟಿ ನನ್ನ ಅಣ್ಣನ ಮಗಳು. ಅವಳನ್ನು ಕೇಳಿಯೇ ಹಾಕಿದ್ದೇನೆ. ಅವಳ ಅವ್ವನನ್ನು, ಅಂದರೆ ವೈನಿಯನ್ನು, ಕೇಳಿಲ್ಲ.

ಗದಗ ಕಾಕಾ: (ಫಾರ್ವರ್ಡ್) ಶಾಲೆಯಲ್ಲಿ ಫೇಲಾದ ಅಮೆರಿಕಾದ ಹುಡುಗಿ 15ನೇ ವಯಸ್ಸಿಗೇ ಕಾದಂಬರಿ ಬರೆದು ಜಗತ್ತಿಗೇ ಹೆಸರಾದಳು!! ಮಕ್ಕಳನ್ನು ಓದು ಓದು ಅಂತ ಕಾಡಬೇಡಿ 🙏🙏

ವೈನಿ: ಕಾಕಾ, ಇದನ್ನ ಇವತ್ತೇ ಹಾಕಬೇಕಿತ್ತಾ? ನಾಳೆ ಪುಟ್ಟಿಗೆ ಫಿಸಿಕ್ಸ್ ಪರೀಕ್ಷೆ. ‘ನೋಡವ್ವಾ, ಸಣ್ಣಜ್ಜನೇ ಹೇಳಿದ್ದಾರೆ’ ಅಂತ ಫೋನ್ ಮುಖಕ್ಕೆ ಹಿಡಿದಳು. ಇತ್ತ ಒಗ್ಗರಣೆ ಸೀದು ಹೋಯಿತು.

ಗದಗ ಕಾಕಾ: ಹುಡುಗಿಗೆ ಉಮೇದು ಬರಲಿ ಅಂತ ಹಾಕಿದೆ. ತಪ್ಪೇನಿದೆ?

ಅಣ್ಣ: ಫೇಲಾಗುವುದಕ್ಕೂ ಉಮೇದು ಬೇಕಾ ಕಾಕಾ?

ನಾನು: ಅವರು ಫೇಲೇ ಆಗಿಲ್ಲ. ಇದು ಎಸ್.ಇ. ಹಿಂಟನ್ ಕಥೆ. ಒಕ್ಲಹೋಮಾದ ಟಲ್ಸಾ ಊರಿನವರು. ‘ದಿ ಔಟ್‌ಸೈಡರ್ಸ್’ ಬರೆಯಲು ಶುರು ಮಾಡಿದ್ದು 15ಕ್ಕೆ. ಅಚ್ಚಾಗಿದ್ದು 1967ರಲ್ಲಿ, ಆಗ 18. ಬರೆಯುತ್ತಿದ್ದ ವರ್ಷ ಶಾಲೆಯಲ್ಲಿ ಒಂದು ವಿಷಯಕ್ಕೆ ಡಿ ಗ್ರೇಡ್ ಬಂತು, ಅಷ್ಟೇ. ತಮಾಷೆ ಏನಂದರೆ ಆ ವಿಷಯ ಕಥೆ-ಗಿಥೆ ಬರೆಯುವುದೇ! ಆಮೇಲೆ ಟಲ್ಸಾ ವಿಶ್ವವಿದ್ಯಾಲಯ ಸೇರಿ 1970ರಲ್ಲಿ ಡಿಗ್ರಿಯನ್ನೂ ಮುಗಿಸಿದರು.

ವೈನಿ: ನೋಡಿದಿರಾ ಕಾಕಾ. ಡಿಗ್ರಿ.

ಹಾವೇರಿ ಅತ್ತಿ: ಎಸ್.ಇ. ಅಂದರೆ ಗಂಡಸಲ್ವಾ?

ನಾನು: ಸೂಸನ್ ಎಲೋಯಿಸ್, ಅತ್ತಿ. ಕಥೆ ಹುಡುಗರ ಹೊಡೆದಾಟದ್ದು. ಬಡವರ ಓಣಿಯ ಹುಡುಗರು ಒಂದು ಕಡೆ, ಸಿರಿವಂತರ ಮಕ್ಕಳು ಇನ್ನೊಂದು ಕಡೆ. ಹೆಣ್ಣುಮಗಳ ಹೆಸರು ಕಂಡರೆ ಗಂಡಸು ವಿಮರ್ಶಕರು ಬದಿಗೆ ಸರಿಸುತ್ತಾರೆ ಅಂತ ಪ್ರಕಾಶಕರಿಗೆ ಅಳುಕು. ಅದಕ್ಕೇ ಬರೀ ಎಸ್.ಇ.

ಹಾವೇರಿ ಅತ್ತಿ: ಅಲ್ಲೂ ಹಾಗೇನಾ! ಸಂಘದ ಲೆಕ್ಕ ಎಲ್ಲ ನಾನು ಬರೆಯುತ್ತಿದ್ದೆ. ಸಹಿ ನಿಮ್ಮ ಮಾವನದು.

ಅಣ್ಣ: ಹೊಡೆದಾಟ, ಸಿಗರೇಟು, ಚಾಕು. ಇದನ್ನು ಪಿಯುಸಿ ಹುಡುಗಿ ಓದಬೇಕಾ?

ನಾನು: ಅಮೆರಿಕಾದ ಕೆಲವು ಶಾಲೆಗಳೂ ಹೀಗೇ ಅಂದು ಪುಸ್ತಕವನ್ನು ದೂರ ಇಟ್ಟವು ಅಣ್ಣಾ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಫ್ರೆಸ್ನೋ ಕಡೆಯ ಒಂದು ಶಾಲೆಯ ಲೈಬ್ರರಿಯನ್ ಮತ್ತು ಮಕ್ಕಳು ಸೇರಿ, ಇದನ್ನು ಸಿನಿಮಾ ಮಾಡಿ ಅಂತ ನಿರ್ದೇಶಕ ಫ್ರಾನ್ಸಿಸ್ ಕೊಪ್ಪೊಲಾಗೆ ಕಾಗದ ಬರೆದರು. ಅವರು 1983ರಲ್ಲಿ ಮಾಡಿಯೂ ಬಿಟ್ಟರು. ಹಿಂಟನ್ ಅದರಲ್ಲಿ ನರ್ಸ್ ಆಗಿ ಹೀಗೆ ಬಂದು ಹಾಗೆ ಹೋಗುತ್ತಾರೆ.

ಅಣ್ಣ: ಲೈಬ್ರರಿಯನ್ ಅಂದ ಕೂಡಲೇ ತಂಗಿಗೆ ಕೋಡು ಬಂತು ನೋಡಿ.

ನಾನು: ಬರಲಿ ಬಿಡು. 26 ವರ್ಷ ಧೂಳು ಒರೆಸಿದ್ದೇನೆ. ಕಾಕಾ, ನಿಮ್ಮ ಫಾರ್ವರ್ಡ್ ಮುಖ್ಯವಾದದ್ದನ್ನೇ ಬಿಟ್ಟಿದೆ. ಮೊದಲ ಪುಸ್ತಕಕ್ಕೆ ಹೆಸರು ಬಂದ ಮೇಲೆ ಅವರಿಗೆ ಬರೆಯುವುದಕ್ಕೇ ಆಗಲಿಲ್ಲ, ವರ್ಷಗಟ್ಟಲೆ. ಕೊನೆಗೆ, ಮುಂದೆ ಅವರನ್ನೇ ಮದುವೆಯಾದ ಹುಡುಗ ಹಟ ಹಿಡಿದ. ದಿನಕ್ಕೆ ಎರಡು ಪುಟ ಬರೆಯದಿದ್ದರೆ ಸಂಜೆ ತಿರುಗಾಟ ಇಲ್ಲ ಅಂದ. ಹಾಗೆ ಬಂದದ್ದು 1971ರ ಎರಡನೇ ಕಾದಂಬರಿ.

ಹಾವೇರಿ ಅತ್ತಿ: ಅಂಥ ಹುಡುಗ ಸಿಗಬೇಕು ನೋಡು ನಮ್ಮ ಪುಟ್ಟಿಗೆ.

ಅಣ್ಣ: ಅತ್ತಿ!! ಅವಳಿನ್ನೂ ಪಿಯುಸಿ.

ಗದಗ ಕಾಕಾ: ಅದೆಲ್ಲ ಇರಲಿ. ಪುಟ್ಟಿ ಏನು ಬರೆಯುತ್ತಾಳೆ ಅಂತ ನಿಮ್ಮಲ್ಲಿ ಯಾರಾದರೂ ಓದಿದ್ದೀರಾ? ನಾನು ಓದಿದ್ದೇನೆ. ಒಬ್ಬ ಹುಡುಗಿ ಉಣಕಲ್‌ನಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಹತ್ತುತ್ತಾಳೆ. ಕಿವಿಯಲ್ಲಿ ಇಯರ್‌ಫೋನ್ ಇದೆ, ಹಾಡು ಇಲ್ಲ. ಪಕ್ಕದವರು ಮೈಮರೆತು ಮಾತಾಡಲಿ ಅಂತ ಸುಮ್ನೆ ಸಿಕ್ಕಿಸಿಕೊಂಡಿರುತ್ತಾಳೆ. ನವನಗರ ಬರುವಷ್ಟರಲ್ಲಿ ಅರ್ಧ ಬಸ್ಸಿನ ಗುಟ್ಟು ಅವಳ ಕೈಯಲ್ಲಿ. ನಾನು 30 ವರ್ಷ ಬಸ್ಸಿನಲ್ಲೇ ಓಡಾಡಿದವನು. ನನಗೆ ಇದು ಹೊಳೆದಿರಲಿಲ್ಲ.

(ಇಲ್ಲಿ ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿಗೆ ಅದು ಜಾಸ್ತಿಯೇ.)

ವೈನಿ: ನನಗೆ ಯಾಕೆ ತೋರಿಸಲಿಲ್ಲ ಅವಳು?

ಗದಗ ಕಾಕಾ: ನೀನು ಕೇಳಲಿಲ್ಲವಂತೆ.

ವೈನಿ: ಸರಿ. ಪರೀಕ್ಷೆ ಮುಗಿಯಲಿ. ಆಮೇಲೆ ದಿನಕ್ಕೆ ಎರಡು ಪುಟ, ಫೋನ್ ನನ್ನ ಹತ್ತಿರ.

ಪುಟ್ಟಿ: ಅವ್ವಾ ಆಗಲೇ 41 ಪುಟ ಆಗಿದೆ. ಫಿಸಿಕ್ಸ್ ರೆಕಾರ್ಡ್ ತುಂಬಿ ಹೋಯ್ತು 😊

ವೈನಿ: ಯಾವ ರೆಕಾರ್ಡ್?

ಪುಟ್ಟಿ: ಈ ಸಂದೇಶವನ್ನು ಅಳಿಸಲಾಗಿದೆ

ವೈನಿ: ಪುಟ್ಟೀ. ಕೆಳಗೆ ಬಾ.